ನಾಳೆಯನ್ನು ಬಚ್ಚಿಟ್ಟ ಬಾರ್ಬರಾ ಟಕ್‌ಮನ್

1914ರ ಆಗಸ್ಟ್ ತಿಂಗಳ ಮೊದಲ ವಾರ. ಯುರೋಪಿನಲ್ಲಿ ಮಹಾಯುದ್ಧ ಹೊತ್ತಿಕೊಂಡು ಇನ್ನೂ ಬೆರಳೆಣಿಕೆಯ ದಿನಗಳು. ಗ್ರೀಸ್ ದೇಶದ ಹತ್ತಿರದ ಕಡಲಿನಲ್ಲಿ ಇಟಲಿಯದೊಂದು ಪುಟ್ಟ ಪ್ರಯಾಣಿಕರ ಹಡಗು ಕಾನ್‌ಸ್ಟಾಂಟಿನೋಪಲ್ ಕಡೆ ಸಾಗುತ್ತಿದೆ. ಇದ್ದಕ್ಕಿದ್ದಂತೆ ದೂರದಲ್ಲಿ ತೋಪುಗಳ ಸದ್ದು! ನೀರಿನಂಚಿನಲ್ಲಿ ಏಳುವ ಹೊಗೆ, ಅತ್ತ ತಿರುಗಿ ಇತ್ತ ಹೊರಳುವ ಯುದ್ಧನೌಕೆಗಳು. ಮುಂದೆ ಓಡುತ್ತಿರುವುದು ಜರ್ಮನಿಯ ದೈತ್ಯ ನೌಕೆ 'ಗೋಬೆನ್' ಮತ್ತು ಅದರ ಜೊತೆಗಾತಿ 'ಬ್ರೆಸ್ಲಾವ್'. ಬೆನ್ನು ಹತ್ತಿರುವುದು ಅವುಗಳ ಮುಂದೆ ಏನೇನೂ ಅಲ್ಲದ, ಆದರೆ ಪಟ್ಟು ಬಿಡದ ಬ್ರಿಟಿಷ್ ನೌಕೆ 'ಗ್ಲಾಸ್ಟರ್'. ಪ್ರಯಾಣಿಕರೆಲ್ಲ ಕಟಕಟೆಗೆ ಒರಗಿ ನಿಂತು ನೋಡುತ್ತಾರೆ. ಅವರಲ್ಲಿ ಅಮೆರಿಕದ ಒಂದು ಕುಟುಂಬವಿದೆ: ಅಪ್ಪ, ಅಮ್ಮ, ಮೂವರು ಹೆಣ್ಣುಮಕ್ಕಳು. ಅಜ್ಜ ಹೆನ್ರಿ ಮಾರ್ಗೆಂಥೋ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅಮೆರಿಕದ ರಾಯಭಾರಿ. ಅವರನ್ನು ನೋಡಲು ಹೊರಟವರು.

ಈಗ ನಲವತ್ತೆಂಟು ವರ್ಷ ಮುಂದಕ್ಕೆ ಬನ್ನಿ. 1962ರಲ್ಲಿ 'ದಿ ಗನ್ಸ್ ಆಫ್ ಆಗಸ್ಟ್' ಎಂಬ ಪುಸ್ತಕ ಹೊರಬರುತ್ತದೆ. ಮೊದಲ ಮಹಾಯುದ್ಧದ ಮೊದಲ ತಿಂಗಳಿನ ಕಥೆ. ಅದರಲ್ಲಿ ಗೋಬೆನ್ ನೌಕೆಯ ಬೆನ್ನಟ್ಟುವಿಕೆಗೇ ಒಂದು ಇಡೀ ಅಧ್ಯಾಯ. ಆ ಅಧ್ಯಾಯದ ಕೊನೆಯ ಹೊತ್ತಿಗೆ, ಇಟಲಿಯ ಪುಟ್ಟ ಹಡಗೊಂದು ಕಾನ್‌ಸ್ಟಾಂಟಿನೋಪಲ್ ತಲುಪಿತೆಂದೂ, ಅಮೆರಿಕದ ರಾಯಭಾರಿಯ ಮಗಳು, ಅಳಿಯ, ಮೂವರು ಮೊಮ್ಮಕ್ಕಳು ಅದರಲ್ಲಿದ್ದರೆಂದೂ, ಅವರು ಕಂಡದ್ದನ್ನು ಹೇಳಿದರೆಂದೂ, ಜರ್ಮನಿಯ ರಾಯಭಾರಿ ಆ ಸುದ್ದಿ ಕೇಳಿ ಕಾತರಗೊಂಡನೆಂದೂ ಬರುತ್ತದೆ. ಅಷ್ಟೇ. ಲೇಖಕಿ ಮುಂದಿನ ಸಂಗತಿಗೆ ಹೋಗಿಬಿಡುತ್ತಾರೆ. ಆ ಮೂವರು ಮೊಮ್ಮಕ್ಕಳಲ್ಲಿ ಒಬ್ಬಳು, ಆಗ ಎರಡು ವರ್ಷದ ಮಗು, ಈ ಪುಸ್ತಕ ಬರೆದ ಬಾರ್ಬರಾ ಟಕ್‌ಮನ್! ಪುಸ್ತಕದ ಆ ಪುಟದಲ್ಲಿ ಆ ಮಾತೇ ಇಲ್ಲ. ನಾನಿದ್ದೆ, ನಾನು ನೋಡಿದೆ ಎಂಬ ಒಂದು ಪದವೂ ಇಲ್ಲ. ಇದು ತಿಳಿದ ಮೇಲೆ ಆ ಅಧ್ಯಾಯವನ್ನು ಮತ್ತೆ ಓದಿದರೆ ಮೈ ಜುಮ್ಮೆನ್ನುತ್ತದೆ.

ಅವರು ನೋಡಿದ್ದು ಸಣ್ಣ ಚಕಮಕಿಯಲ್ಲ. ಗೋಬೆನ್ ಪಶ್ಚಿಮಕ್ಕೆ ಹೋಗಬಹುದು, ಆಸ್ಟ್ರಿಯಾ ಕಡೆಗೆ ಹೋಗಬಹುದು ಎಂದು ಬ್ರಿಟಿಷ್ ನೌಕಾಪಡೆ ಲೆಕ್ಕ ಹಾಕುತ್ತಿತ್ತು. ಪೂರ್ವಕ್ಕೆ ಹೋಗುತ್ತದೆಂದು ಲಂಡನ್ನಿನವರು ಎಣಿಸಿರಲೇ ಇಲ್ಲ. ಅದು ಹೋದದ್ದು ಪೂರ್ವಕ್ಕೇ. ಆಗಸ್ಟ್ 10ರ ಸಂಜೆ ಡಾರ್ಡನೆಲ್ಸ್ ಜಲಸಂಧಿಯೊಳಗೆ ನುಗ್ಗಿತು. ತುರ್ಕಿಗೆ ಮಾರಾಟವಾಯಿತೆಂದು ಹೇಳಿ ಅದಕ್ಕೆ ತುರ್ಕಿ ಹೆಸರಿಟ್ಟರು, ಜರ್ಮನ್ ನಾವಿಕರು ತುರ್ಕಿ ಟೋಪಿ ತೊಟ್ಟರು, ಅಕ್ಟೋಬರ್ ಕೊನೆಗೆ ಅದೇ ನೌಕೆಗಳು ಕಪ್ಪು ಸಮುದ್ರದ ರಷ್ಯನ್ ಬಂದರುಗಳ ಮೇಲೆ ಗುಂಡು ಹಾರಿಸಿದವು. ತುರ್ಕಿ ಯುದ್ಧಕ್ಕೆ ಇಳಿಯಿತು. ಗಲ್ಲಿಪೊಲಿ, ಮೆಸಪೊಟೇಮಿಯಾ, ಪ್ಯಾಲೆಸ್ಟೈನ್ ಎಲ್ಲವೂ ಅದರ ಹಿಂದೆಯೇ ಬಂದವು.

ಈ ಎಳೆಯನ್ನು ಹಿಡಿದು ನಡೆದರೆ ಎಲ್ಲಿಗೆ ಬರುತ್ತೀರಿ ಗೊತ್ತೇ? ಬೆಂಗಳೂರಿನ ಜೆ.ಸಿ. ನಗರಕ್ಕೆ! ಅಲ್ಲಿರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕವನ್ನು ನೆನಪಿಸಿಕೊಳ್ಳಿ. ಮೈಸೂರು ಸಂಸ್ಥಾನದ ಆ ಅಶ್ವದಳ ಹಡಗೇರಿ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆಯ ಕಾವಲಿಗೆ ನಿಂತದ್ದು, 1918ರ ಸೆಪ್ಟೆಂಬರ್ 23ರಂದು ಹೈಫಾದ ಕಾರ್ಮೆಲ್ ಬೆಟ್ಟವನ್ನು ಹತ್ತಿ ತುರ್ಕರ ತೋಪುಗಳನ್ನು ವಶಪಡಿಸಿಕೊಂಡದ್ದು, ತುರ್ಕಿ ಯುದ್ಧಕ್ಕೆ ಇಳಿದದ್ದರಿಂದ. ತುರ್ಕಿಯನ್ನು ಯುದ್ಧಕ್ಕೆ ಎಳೆದದ್ದರಲ್ಲಿ ಗೋಬೆನ್ ಪಾಲು ದೊಡ್ಡದು. ಎರಡು ವರ್ಷದ ಮಗುವಿನ ಕಣ್ಣೆದುರು ಓಡಿಹೋದ ಒಂದು ಹಡಗು ಮತ್ತು ನಮ್ಮ ಹಳೇ ಮೈಸೂರಿನ ಹಳ್ಳಿಗಳಿಂದ ಹೋದ ಸವಾರರು! ಇಂಥ ಎಳೆಗಳು ಇರುತ್ತವೆಂದು ನನಗೆ ಮೊದಲು ತೋರಿಸಿಕೊಟ್ಟವರು ಈ ಲೇಖಕಿ.

ಯಾರು ಈಕೆ? ಯಾವ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ? ಯಾವುದರದ್ದೂ ಅಲ್ಲ. 1912ರ ಜನವರಿ 30ರಂದು ನ್ಯೂಯಾರ್ಕಿನ ಸಿರಿವಂತ ಯಹೂದಿ ಮನೆತನದಲ್ಲಿ ಹುಟ್ಟಿದವರು. 1933ರಲ್ಲಿ ರ್‍ಯಾಡ್‌ಕ್ಲಿಫ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಓದು ಅಲ್ಲಿಗೆ ನಿಂತಿತು. ಡಾಕ್ಟರೇಟ್ ಇಲ್ಲ, ಎಂ.ಎ. ಕೂಡ ಇಲ್ಲ. ಪಿಎಚ್.ಡಿ. ಮಾಡದೆ ಹೋದದ್ದೇ ತನ್ನ ಬರವಣಿಗೆಯನ್ನು ಉಳಿಸಿತು ಎಂಬ ನಂಬಿಕೆ ಆಕೆಗೆ ಕಡೆಯವರೆಗೂ ಇತ್ತು. ಕಾಲೇಜಿನಲ್ಲಿ ಬರೆದ ಪ್ರಬಂಧದ ವಿಷಯ ಕೇಳಿದರೆ ನಮಗೆ ಕುತೂಹಲವಾಗುತ್ತದೆ: ಬ್ರಿಟಿಷ್ ಸಾಮ್ರಾಜ್ಯಕ್ಕೆ ನೈತಿಕ ಸಮರ್ಥನೆ. ಅದನ್ನು ತಿದ್ದಿದವರು ಶೈಲಿಯಲ್ಲಿ ವಿಶೇಷವೇನೂ ಇಲ್ಲ ಎಂಬರ್ಥದ ಟಿಪ್ಪಣಿ ಹಾಕಿ ಹಿಂದಿರುಗಿಸಿದ್ದರಂತೆ. ಮುಂದೆ ಲಕ್ಷಾಂತರ ಓದುಗರು ಊಟ ಮರೆತು ಓದಲಿದ್ದ ಶೈಲಿ ಅದು!

ಓದು ಮುಗಿದ ಮೇಲೆ ಒಂದು ಸಂಶೋಧನಾ ಸಂಸ್ಥೆಯ ಕೆಲಸಕ್ಕಾಗಿ ಟೋಕಿಯೋ. ಅಲ್ಲಿಂದ ಬಂದು, ತಂದೆ ಕೊಂಡಿದ್ದ 'ದಿ ನೇಷನ್' ಪತ್ರಿಕೆಗೆ ವರದಿಗಾರಿಕೆ. 1937ರಲ್ಲಿ ಅಂತರ್ಯುದ್ಧದ ಸ್ಪೇನ್. 1940ರಲ್ಲಿ ವೈದ್ಯ ಲೆಸ್ಟರ್ ಟಕ್‌ಮನ್ ಜೊತೆ ಮದುವೆ. ಎರಡನೆಯ ಮಹಾಯುದ್ಧದಲ್ಲಿ ಸರ್ಕಾರದ ಯುದ್ಧವಾರ್ತಾ ಕಚೇರಿಯಲ್ಲಿ ಕೆಲಸ. ಮೂವರು ಹೆಣ್ಣುಮಕ್ಕಳು. ಆಮೇಲೆ ಶುರುವಾಗುತ್ತದೆ ನಿಜವಾದ ಹೋರಾಟ: ಮನೆ, ಮಕ್ಕಳು, ಅವುಗಳ ನಡುವೆ ಸಿಕ್ಕಿದ ಗಂಟೆಗಳಲ್ಲಿ ಗ್ರಂಥಾಲಯ. ಗಂಡಸಾದರೆ ಕೋಣೆಯ ಬಾಗಿಲು ಮುಚ್ಚಿಕೊಂಡು ಕೂತರೆ ಆಯಿತು, ಆತ ಕೆಲಸ ಮಾಡುತ್ತಿದ್ದಾನೆಂದು ಮನೆಯವರಿಗೆ ತಿಳಿಯುತ್ತದೆ. ಹೆಂಗಸಿಗೆ ಅದು ಸುಲಭವಲ್ಲ ಎಂದು ಆಕೆ ಮುಂದೆ ಹೇಳಿಕೊಂಡಿದ್ದಾರೆ. ಹಾಗೆ ತುಂಡು ತುಂಡು ಹೊತ್ತಿನಲ್ಲಿ ವರ್ಷಗಟ್ಟಲೆ ಬರೆದ 'ಬೈಬಲ್ ಅಂಡ್ ಸ್ವೋರ್ಡ್' 1956ರಲ್ಲಿ ಬಂತು. ಬ್ರಿಟನ್ನಿಗೂ ಪ್ಯಾಲೆಸ್ಟೈನಿಗೂ ಇದ್ದ ಸಾವಿರಾರು ವರ್ಷಗಳ ನಂಟಿನ ಕಥೆ. ಅದನ್ನು 1948ರವರೆಗೆ ತನ್ನಿ ಎಂದರು ಪ್ರಕಾಶಕರು. ಆಕೆ ಪ್ರಯತ್ನಿಸಿದರು, ಬರೆದರು, ಓದಿ ನೋಡಿದರು. ತನ್ನ ಸಿಟ್ಟು, ಸಂಕಟ ಅದರಲ್ಲಿ ಉಕ್ಕುತ್ತಿದೆ, ಇದು ಚರಿತ್ರೆಯಲ್ಲ ಎನಿಸಿ ಆ ಭಾಗವನ್ನೇ ಬಿಸಾಡಿದರು. ಪುಸ್ತಕ 1918ರ ಹೊತ್ತಿಗೇ ನಿಂತಿತು. ನನಗೆ ಈ ಸಂಗತಿ ಆಕೆಯ ಪ್ರಶಸ್ತಿಗಳಿಗಿಂತ ದೊಡ್ಡದು.

ಎರಡೇ ವರ್ಷಕ್ಕೆ, 1958ರಲ್ಲಿ, 'ದಿ ಜಿಮ್ಮರ್‌ಮನ್ ಟೆಲಿಗ್ರಾಮ್'. ಇದೆಂಥ ಪುಸ್ತಕ! 1917ರ ಜನವರಿಯ ಒಂದು ಬೆಳಗ್ಗೆ ಲಂಡನ್ನಿನ ನೌಕಾ ಕಚೇರಿಯ ಒಂದು ಕೋಣೆ. ಸಂಕೇತ ಬಿಡಿಸುವ ಇಬ್ಬರ ಮುಂದೆ ಸಾಲುಸಾಲು ಅಂಕಿಗಳ ಒಂದು ತಂತಿ. ಬಿಡಿಸುತ್ತ ಹೋದಂತೆ ಮೆಕ್ಸಿಕೋ ಎಂಬ ಹೆಸರು ಹೊರಬೀಳುತ್ತದೆ. ಜರ್ಮನಿಯ ವಿದೇಶಾಂಗ ಕಾರ್ಯದರ್ಶಿ ಆರ್ಥರ್ ಜಿಮ್ಮರ್‌ಮನ್, ಮೆಕ್ಸಿಕೋ ನಮ್ಮ ಜೊತೆ ಸೇರಿ ಅಮೆರಿಕದ ವಿರುದ್ಧ ಯುದ್ಧಕ್ಕೆ ಇಳಿದರೆ ಟೆಕ್ಸಾಸ್, ನ್ಯೂ ಮೆಕ್ಸಿಕೋ, ಅರಿಜೋನಾಗಳನ್ನು ಅದು ಮರಳಿ ಪಡೆಯಲು ಒಪ್ಪುತ್ತೇವೆ ಎನ್ನುತ್ತಿದ್ದಾನೆ! ಅದನ್ನು ಕಳಿಸಿದ್ದಾದರೂ ಹೇಗೆ? ಶಾಂತಿ ಮಾತುಕತೆಗೆ ಅನುಕೂಲವಾಗಲಿ ಎಂದು ಅಮೆರಿಕದ ಅಧ್ಯಕ್ಷ ವಿಲ್ಸನ್ ಉದಾರವಾಗಿ ಬಿಟ್ಟುಕೊಟ್ಟಿದ್ದ ಅಮೆರಿಕದ್ದೇ ತಂತಿಯ ಮೂಲಕ! ಬ್ರಿಟಿಷರ ಕೈಯಲ್ಲಿ ಈಗ ವಜ್ರವಿದೆ, ಆದರೆ ತೋರಿಸುವಂತಿಲ್ಲ. ತೋರಿಸಿದರೆ ಸಂಕೇತ ಮುರಿದದ್ದು ಜರ್ಮನಿಗೆ ತಿಳಿಯುತ್ತದೆ. ನಮ್ಮ ತಂತಿಯನ್ನೂ ಇವರು ಕದ್ದು ಓದುತ್ತಿದ್ದಾರೆಂದು ಅಮೆರಿಕಕ್ಕೂ ತಿಳಿಯುತ್ತದೆ. ಮೆಕ್ಸಿಕೋ ನಗರದ ತಂತಿ ಕಚೇರಿಯಿಂದ ಅದೇ ಸಂದೇಶದ ಇನ್ನೊಂದು ಪ್ರತಿಯನ್ನು ಹೊಂಚಿ ಪಡೆದು, ಅದನ್ನು ಮುಂದಿಟ್ಟು, ಮಾರ್ಚ್ 1ರ ಪತ್ರಿಕೆಗಳಲ್ಲಿ ಸುದ್ದಿ ಸ್ಫೋಟವಾಗುತ್ತದೆ. ಇದು ನಕಲಿ ಎಂದು ಅಮೆರಿಕದಲ್ಲೇ ಹಲವರು ಕೂಗುತ್ತಾರೆ. ಜಿಮ್ಮರ್‌ಮನ್ ಅಲ್ಲಗಳೆದಿದ್ದರೆ ಸಾಕಿತ್ತು. ಮಾರ್ಚ್ 3ರಂದು ಆತ ಹೌದು, ನಿಜ ಎಂದುಬಿಡುತ್ತಾನೆ. ಏಪ್ರಿಲ್ 6ಕ್ಕೆ ಅಮೆರಿಕ ಯುದ್ಧದಲ್ಲಿ.

ಇದೆಲ್ಲ ನಡೆದದ್ದೇ. ಒಂದು ಮಾತನ್ನೂ ಆಕೆ ಹೊಸೆದು ಸೇರಿಸಿಲ್ಲ. ಆದರೂ ಎದೆ ಹೊಡೆದುಕೊಳ್ಳುತ್ತದೆ. ಇದರ ಗುಟ್ಟೇನು? ಆಕೆಯ ಲೇಖನಗಳನ್ನು, ಭಾಷಣಗಳನ್ನು ಕೂಡಿಸಿದ 'ಪ್ರ್ಯಾಕ್ಟಿಸಿಂಗ್ ಹಿಸ್ಟರಿ' ಎಂಬ ಪುಸ್ತಕ 1981ರಲ್ಲಿ ಬಂದಿದೆ. ಅದರಲ್ಲಿ ಗುಟ್ಟನ್ನು ಬಿಚ್ಚಿಯೇ ಇಟ್ಟಿದ್ದಾರೆ: ಘಟನೆ ನಡೆದ ದಿನ ಅಲ್ಲಿದ್ದವರಿಗೆ ಏನು ಗೊತ್ತಿತ್ತೋ ಅಷ್ಟನ್ನೇ ಹೇಳು. ಮುಂದೆ ಏನಾಯಿತೆಂದು ನಡುವೆ ಬಾಯಿಬಿಡಬೇಡ. ಏಕಾಯಿತು ಎಂಬುದಕ್ಕೆ ಆತುರ ಪಡಬೇಡ. ಏನಾಯಿತು ಎಂಬುದನ್ನು ಸರಿಯಾಗಿ ಜೋಡಿಸಿದರೆ ಏಕೆ ಎಂಬುದು ತಾನಾಗಿಯೇ ಎದ್ದು ಬರುತ್ತದೆ. ಎಷ್ಟು ಸರಳ, ಎಷ್ಟು ಕಷ್ಟ! ಕರಾವಳಿಯ ಬಯಲಾಟದಲ್ಲಿ ಗದಾಯುದ್ಧ ನೋಡಲು ಕೂತವರಿಗೆ ಕೌರವ ಬೀಳುತ್ತಾನೆಂದು ಗೊತ್ತಿಲ್ಲವೇ? ಆದರೂ ಬೆಳಗಿನ ಜಾವದವರೆಗೆ ಚಾಪೆ ಬಿಟ್ಟು ಏಳುವುದಿಲ್ಲ. 'ದಿ ಗನ್ಸ್ ಆಫ್ ಆಗಸ್ಟ್' ಓದುವಾಗಿನ ಪಾಡು ಅದೇ. ಜರ್ಮನರು ಪ್ಯಾರಿಸ್ ಹಿಡಿಯಲಿಲ್ಲವೆಂದು ಶಾಲೆಯಲ್ಲೇ ಓದಿದ್ದೇವೆ. ಪುಸ್ತಕ ಕೈಯಲ್ಲಿದ್ದಾಗ ಮಾತ್ರ, ಅಯ್ಯೋ ಪ್ಯಾರಿಸ್ ಹೋಯಿತು ಎಂದು ಕೈ ಹಿಸುಕಿಕೊಳ್ಳುತ್ತೇವೆ.

ಆ ಪುಸ್ತಕಕ್ಕಾಗಿ ಆಕೆ ಪಟ್ಟ ಪಾಡನ್ನು ಕೇಳಿ. ನ್ಯೂಯಾರ್ಕ್, ವಾಷಿಂಗ್ಟನ್, ಲಂಡನ್, ಪ್ಯಾರಿಸ್‌ಗಳ ಗ್ರಂಥಾಲಯ, ದಾಖಲೆ ಮನೆಗಳಲ್ಲಿ ಹುಡುಕಿದ್ದು ಸರಿಯೇ. 1959ರ ಆಗಸ್ಟ್‌ನಲ್ಲಿ, ಹೌದು, ಆಗಸ್ಟ್‌ನಲ್ಲೇ, ಒಂದು ಪುಟ್ಟ ರೆನೋ ಕಾರನ್ನು ಬಾಡಿಗೆಗೆ ಹಿಡಿದು ಬೆಲ್ಜಿಯಂ, ಫ್ರಾನ್ಸ್‌ಗಳ ರಣಭೂಮಿಗಳನ್ನು ಸುತ್ತಿದರು. ಸೇನೆಗಳು ನಡೆದ ದಾರಿಯಲ್ಲೇ ಹೋಗಿ, ಲಿಯೇಜ್ ಬಳಿ ಮ್ಯೂಸ್ ನದಿ ಎಷ್ಟು ಅಗಲವೆಂದು ನೋಡಿದರು. ಸೈನಿಕರು ತುಳಿದ ಹೊಲಗಳಲ್ಲಿ ಅದೇ ತಿಂಗಳಿನ ಪೈರು ಹೇಗೆ ನಿಂತಿರುತ್ತದೆಂದು ನೋಡಿದರು. ಕಳೆದುಕೊಂಡ ಅಲ್ಸಾಸ್ ಪ್ರಾಂತ ಫ್ರೆಂಚ್ ಸೈನಿಕನ ಕಣ್ಣಿಗೆ ವೋಜ್ ಬೆಟ್ಟದ ಮೇಲಿಂದ ಹೇಗೆ ಕಾಣುತ್ತಿತ್ತೆಂದು ನೋಡಿದರು. ಬರೆದುಕೊಳ್ಳಲು ಕೈಚೀಲದಲ್ಲಿ ಹಿಡಿಯುವ ಚಿಕ್ಕ ಚಿಕ್ಕ ಕಾರ್ಡುಗಳು. ಪುಸ್ತಕದಲ್ಲಿ ಒಂದು ಕಡೆ, ಬ್ರಿಟಿಷ್ ಸೈನ್ಯ ಫ್ರಾನ್ಸಿನಲ್ಲಿ ಇಳಿದ ದಿನ ಗುಡುಗು ಗುಡುಗಿತು, ಸೂರ್ಯ ಕೆಂಪಾಗಿ ಮುಳುಗಿದ ಎಂದು ಬರುತ್ತದೆ. ಇದು ಲೇಖಕಿಯ ಕಲ್ಪನೆಯ ಅಲಂಕಾರ ಎಂದುಕೊಂಡೀರಿ. ಅಲ್ಲ! ಆ ದಿನ ಅಲ್ಲಿದ್ದ ಒಬ್ಬ ಅಧಿಕಾರಿಯ ನೆನಪಿನ ಪುಸ್ತಕದಿಂದ ಹೆಕ್ಕಿ ತೆಗೆದದ್ದು. ಅಂದು ಮಳೆ ಬಂದಿತ್ತೆಂದು ಬರೆಯಬೇಕಾದರೆ ಮಳೆ ಬಂದದ್ದಕ್ಕೆ ಸಾಕ್ಷಿ ಬೇಕು ಎಂಬುದು ಆಕೆಯ ವ್ರತ. ಏಳನೆಯ ಎಡ್ವರ್ಡ್ ದೊರೆಯ ಶವಯಾತ್ರೆಯಲ್ಲಿ, 1910ರ ಮೇ ತಿಂಗಳಿನಲ್ಲಿ, ಒಂಬತ್ತು ಮಂದಿ ರಾಜರು ಕುದುರೆಯೇರಿ ಹೋಗುವ ದೃಶ್ಯದಿಂದ ಪುಸ್ತಕ ತೆರೆದುಕೊಳ್ಳುತ್ತದಲ್ಲ, ಆ ಮೊದಲ ಪ್ಯಾರಾ ಒಂದಕ್ಕೇ ಎಂಟು ಗಂಟೆ ಹಿಡಿಯಿತಂತೆ.

ಈ ಪುಸ್ತಕದಲ್ಲಿ ನನ್ನನ್ನು ಇಂದಿಗೂ ಬಿಡದೆ ಕಾಡುವ ಒಂದು ಸಂಜೆ ಇದೆ. 1914ರ ಆಗಸ್ಟ್ 1, ಬರ್ಲಿನ್. ಸೈನ್ಯ ಹೊರಡುವ ಆಜ್ಞೆ ಹೋಗಿಯಾಗಿದೆ. ಅಷ್ಟರಲ್ಲಿ ಲಂಡನ್ನಿನಿಂದ ತಂತಿ: ಫ್ರಾನ್ಸಿನ ಮೇಲೆ ಬೀಳದಿದ್ದರೆ ಬ್ರಿಟನ್ ತಟಸ್ಥವಾಗಿ ಉಳಿಯಬಹುದು. ಜರ್ಮನಿಯ ಚಕ್ರವರ್ತಿ ಕೈಸರ್‌ಗೆ ಹೋದ ಜೀವ ಬಂದಂತಾಗುತ್ತದೆ. ಸೇನಾ ಮುಖ್ಯಸ್ಥ ಮೋಲ್ಟ್‌ಕೆಯನ್ನು ಕರೆಸಿ, ಸೈನ್ಯವನ್ನೆಲ್ಲ ಪೂರ್ವಕ್ಕೆ, ರಷ್ಯಾ ಕಡೆಗೆ ತಿರುಗಿಸಿ ಎನ್ನುತ್ತಾನೆ. ಮೋಲ್ಟ್‌ಕೆಗೆ ದಿಕ್ಕು ತೋಚದಂತಾಗುತ್ತದೆ. ಏಕೆಂದರೆ ಆತನ ತಲೆಯಲ್ಲಿರುವುದು ರೈಲುಗಳು. ಒಂದೊಂದು ಸೇನಾ ಕೋರ್ ಸಾಗಿಸಲು 6,010 ಬೋಗಿಗಳು, 140 ರೈಲುಗಳು. ಒಟ್ಟು 11,000 ರೈಲುಗಳು ನಿಮಿಷ ನಿಮಿಷದ ಲೆಕ್ಕದಲ್ಲಿ ಹೊರಡಬೇಕು. ಒಂದು ವರ್ಷ ಕೂತು ಹೆಣೆದ ವೇಳಾಪಟ್ಟಿ. ಅದನ್ನು ಬದಲಿಸಲು ಆಗುವುದಿಲ್ಲ ಎಂದುಬಿಡುತ್ತಾನೆ. ತಂತಿಯ ಆಸೆಯೂ ಅದೇ ರಾತ್ರಿ ಸುಳ್ಳಾಗುತ್ತದೆ. ರೈಲುಗಳು ಹೊರಡುತ್ತವೆ, ಕೋಟಿಗಟ್ಟಲೆ ಜನರ ಹಣೆಬರಹವನ್ನು ಹೊತ್ತುಕೊಂಡು. ಇಲ್ಲಿಗೇ ಬಿಟ್ಟಿದ್ದರೂ ಸಾಕಿತ್ತು. ಟಕ್‌ಮನ್ ಬಿಡುವುದಿಲ್ಲ. ಆ ರೈಲುಗಳ ಹೊಣೆ ಹೊತ್ತಿದ್ದ ಜನರಲ್ ಫಾನ್ ಸ್ಟಾಬ್, ಮೋಲ್ಟ್‌ಕೆಯ ಮಾತು ತನ್ನ ಇಲಾಖೆಗೇ ಅವಮಾನ ಎಂದು ನೊಂದು, ಯುದ್ಧ ಮುಗಿದ ಮೇಲೆ ಒಂದು ಪುಸ್ತಕ ಬರೆದ. ಏಳು ಸೇನೆಗಳಲ್ಲಿ ನಾಲ್ಕನ್ನು ಆಗಸ್ಟ್ 15ರೊಳಗೆ ಪೂರ್ವಕ್ಕೆ ಮುಟ್ಟಿಸಬಹುದಿತ್ತೆಂದು ನಕ್ಷೆ, ಪಟ್ಟಿಗಳ ಸಮೇತ ತೋರಿಸಿದ! ಈ ಪುಟ ಓದಿ ಪುಸ್ತಕ ಮುಚ್ಚಿ ಸುಮ್ಮನೆ ಕೂತುಬಿಟ್ಟೆ.

ಇನ್ನು ನಂಬಲಾಗದ ಭಾಗ. ಪುಸ್ತಕ ಬಂದ ವರ್ಷವೇ, 1962ರ ಅಕ್ಟೋಬರ್‌ನಲ್ಲಿ, ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳು ಪತ್ತೆಯಾದವು. ಜಗತ್ತು ಹದಿಮೂರು ದಿನ ಅಣ್ವಸ್ತ್ರ ಯುದ್ಧದ ಅಂಚಿನಲ್ಲಿ ನಿಂತಿತು. ನಿರ್ಧಾರ ಮಾಡಬೇಕಾಗಿದ್ದ ಅಧ್ಯಕ್ಷ ಜಾನ್ ಕೆನಡಿ ಆ ಹೊತ್ತಿಗಾಗಲೇ 'ದಿ ಗನ್ಸ್ ಆಫ್ ಆಗಸ್ಟ್' ಓದಿದ್ದರು! ಬ್ರಿಟನ್ನಿನ ಪ್ರಧಾನಿ ಮ್ಯಾಕ್‌ಮಿಲನ್‌ಗೂ ಒಂದು ಪ್ರತಿ ಕೊಟ್ಟಿದ್ದರು. ಸೇನಾಧಿಕಾರಿಗಳು ಓದಬೇಕೆಂದು ಬಯಸಿದ್ದರು. ಅಕ್ಟೋಬರಿನ ಆ ದಿನಗಳಲ್ಲಿ ಈ ಪುಸ್ತಕದ ಮಾತು ಎತ್ತಿ, ನಮ್ಮ ಕಾಲದ ಬಗ್ಗೆ ಮುಂದೆ ಯಾರೂ ಇಂಥ ಪುಸ್ತಕ ಬರೆಯುವ ಹಾಗೆ ಆಗಬಾರದು ಎಂಬ ಅರ್ಥದಲ್ಲಿ ತಮ್ಮ ರಾಬರ್ಟ್ ಜೊತೆ ಹೇಳಿಕೊಂಡರು. ರಾಬರ್ಟ್ ಕೆನಡಿ ಅದನ್ನು ತಮ್ಮ 'ಥರ್ಟೀನ್ ಡೇಸ್' ಪುಸ್ತಕದಲ್ಲಿ ದಾಖಲಿಸಿದ್ದಾರೆ. ಕೆನಡಿ ದಾಳಿಗೆ ಬದಲು ಕಡಲ ದಿಗ್ಬಂಧನ ಆರಿಸಿಕೊಂಡದ್ದಕ್ಕೆ ಕಾರಣಗಳು ಹತ್ತಾರು. ಒಂದು ಪುಸ್ತಕಕ್ಕೆ ಅದರ ಕೀರ್ತಿಯನ್ನು ಕಟ್ಟಲಾಗದು. ಆದರೆ ಯೋಚಿಸಿ: ಎದುರಾಳಿಗೆ ಯೋಚಿಸಲು ಹೊತ್ತು ಕೊಡದೆ, ವೇಳಾಪಟ್ಟಿಗೆ ಕಟ್ಟುಬಿದ್ದು, ಯಾರೂ ಬಯಸದಷ್ಟು ದೊಡ್ಡ ಯುದ್ಧಕ್ಕೆ ಬಿದ್ದವರ ಕಥೆ ಆ ಮನುಷ್ಯನ ತಲೆಯಲ್ಲಿತ್ತು, ಆ ಹದಿಮೂರು ದಿನವೂ ಇತ್ತು. ಮಕ್ಕಳನ್ನು ಶಾಲೆಗೆ ಕಳಿಸಿ ಗ್ರಂಥಾಲಯಕ್ಕೆ ಹೋಗುತ್ತಿದ್ದ ಒಬ್ಬ ತಾಯಿ ಬರೆದ ಪುಸ್ತಕ!

ಮರುವರ್ಷ ಪುಲಿಟ್ಜರ್ ಬಂತು. ಅದೂ ಇತಿಹಾಸದ ವಿಭಾಗದಲ್ಲಲ್ಲ. ಇತಿಹಾಸದ ಬಹುಮಾನ ಅಮೆರಿಕದ ಚರಿತ್ರೆಗೆ ಮಾತ್ರ ಮೀಸಲು. ಹಾಗಾಗಿ ಸಾಮಾನ್ಯ ಗದ್ಯದ ವಿಭಾಗದಲ್ಲಿ ಕೊಟ್ಟರು. 1966ರಲ್ಲಿ 'ದಿ ಪ್ರೌಡ್ ಟವರ್'. ಯುದ್ಧಕ್ಕೆ ಮುಂಚಿನ ಇಪ್ಪತ್ತೈದು ವರ್ಷಗಳ ಜಗತ್ತು: ಇಂಗ್ಲೆಂಡಿನ ಶ್ರೀಮಂತರು, ಬಾಂಬೆಸೆಯುವ ಅರಾಜಕವಾದಿಗಳು, ಫ್ರಾನ್ಸನ್ನು ಸೀಳಿದ ಡ್ರೈಫಸ್ ಪ್ರಕರಣ, ಹೇಗ್ ಶಾಂತಿ ಸಮಾವೇಶಗಳು. ಯುದ್ಧ ತಡೆಯಲು ಹೆಣಗಿದ ಸಮಾಜವಾದಿ ಜೊರೇಸ್ ಕೊಲೆಯಾಗುವ ಅಧ್ಯಾಯದಲ್ಲಿ ಮುಗಿಯುತ್ತದೆ. ಅಲ್ಲಿಯೂ ಅಷ್ಟೇ, ನಾಳೆ ಏನೆಂದು ಹೇಳುವುದಿಲ್ಲ.

1971ರ ಪುಸ್ತಕ ನಮ್ಮ ದೇಶದ ಬಾಗಿಲಿಗೇ ಬರುತ್ತದೆ. ಅಮೆರಿಕದ ಜನರಲ್ ಜೋಸೆಫ್ ಸ್ಟಿಲ್‌ವೆಲ್ ಮತ್ತು ಚೀನಾದ ಕಥೆ. 1942ರ ಮೇ. ಜಪಾನೀಯರು ಬರ್ಮಾ ಹಿಡಿದಿದ್ದಾರೆ. ಸ್ಟಿಲ್‌ವೆಲ್‌ಗೆ ಐವತ್ತೊಂಬತ್ತು ವರ್ಷ. ವಿಮಾನ ಹತ್ತಿ ಪಾರಾಗಬಹುದಿತ್ತು. ಆತ ಹತ್ತುವುದಿಲ್ಲ. ಅಮೆರಿಕನ್ನರು, ಬ್ರಿಟಿಷರು, ಚೀನೀಯರು, ಬರ್ಮಾದ ದಾದಿಯರು ಸೇರಿದ ನೂರಕ್ಕೂ ಹೆಚ್ಚು ಮಂದಿಯನ್ನು ಕಟ್ಟಿಕೊಂಡು ಕಾಡು, ತೊರೆ, ಬೆಟ್ಟಗಳ ನಡುವೆ ಸುಮಾರು 140 ಮೈಲಿ ದಾಟಿ ಇಂಫಾಲಕ್ಕೆ ಬರುತ್ತಾನೆ. ದಾರಿಯಲ್ಲಿ ಒಬ್ಬರನ್ನೂ ಕಳೆದುಕೊಳ್ಳುವುದಿಲ್ಲ! ದೆಹಲಿಯಲ್ಲಿ ಪತ್ರಿಕೆಯವರ ಮುಂದೆ ನಿಂತು, ಚೆನ್ನಾಗಿ ಪೆಟ್ಟು ತಿಂದೆವು, ಏಕೆಂದು ಹುಡುಕಿ ಮತ್ತೆ ಹೋಗಿ ಗೆಲ್ಲಬೇಕು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಆಗಿನ ಬಿಹಾರದ ರಾಮಗಢದಲ್ಲಿ ಚೀನೀ ಸೈನಿಕರಿಗೆ ತರಬೇತಿ, ಅಸ್ಸಾಮಿನ ಲೇಡೋದಿಂದ ಹೊರಟ ರಸ್ತೆ ಎಲ್ಲವೂ ಇದರಲ್ಲಿವೆ. ಈ ಪುಸ್ತಕಕ್ಕೆ ಎರಡನೆಯ ಪುಲಿಟ್ಜರ್. 1972ರಲ್ಲಿ ಆಕೆ ಚೀನಾಕ್ಕೆ ಹೋಗಿ ಬಂದರು. ಅದೇ ವರ್ಷ ಬರೆದ ಒಂದು ಲೇಖನದಲ್ಲಿ ಬೆರಗಿನ ಸಂಗತಿ: 1945ರ ಜನವರಿಯಲ್ಲಿ ಚೀನಾದ ಕಮ್ಯುನಿಸ್ಟ್ ನಾಯಕರಾದ ಮಾವೋ ಮತ್ತು ಚೌ ಎನ್‌ಲೈ ವಾಷಿಂಗ್ಟನ್ನಿಗೆ ಬಂದು ಅಧ್ಯಕ್ಷರೊಡನೆ ಮಾತಾಡಲು ಸಿದ್ಧರೆಂದು ತಿಳಿಸಿದ್ದರು, ಆ ಮಾತುಕತೆ ನಡೆಯಲೇ ಇಲ್ಲ.

ಈಗ ಬರುವುದು ನನ್ನ ಮಟ್ಟಿಗೆ ಆಕೆಯ ಅತಿ ದೊಡ್ಡ ಸಾಹಸ. ಇಪ್ಪತ್ತನೆಯ ಶತಮಾನ ಬಿಟ್ಟು ಒಮ್ಮೆಗೇ ಹದಿನಾಲ್ಕನೆಯ ಶತಮಾನಕ್ಕೆ! ಸುಮಾರು ಏಳು ವರ್ಷ ದುಡಿದು 1978ರಲ್ಲಿ 'ಎ ಡಿಸ್ಟಂಟ್ ಮಿರರ್' ಕೊಟ್ಟರು. ಭಾರತದಿಂದ ಐಸ್‌ಲೆಂಡಿನವರೆಗಿನ ಜನರಲ್ಲಿ ಮೂರನೆಯ ಒಂದು ಪಾಲನ್ನು ನುಂಗಿತೆಂದು ಅಂದಾಜಿಸಲಾಗಿರುವ ಪ್ಲೇಗ್, ನೂರು ವರ್ಷದ ಯುದ್ಧ, ಇಬ್ಬರು ಪೋಪರು, ರೈತರ ದಂಗೆ. ಇದನ್ನೆಲ್ಲ ಹೇಳುವುದು ಹೇಗೆ? ಒಬ್ಬ ಮನುಷ್ಯನ ಬದುಕನ್ನು ದಾರವಾಗಿ ಹಿಡಿದರು. ರಾಜ ಬೇಡ, ಸಂತ ಬೇಡ. ಉತ್ತರ ಫ್ರಾನ್ಸಿನ ಒಬ್ಬ ಪಾಳೆಯಗಾರ, ಏಳನೆಯ ಆಂಗೆರಾನ್ ದ ಕೂಸಿ. 1340ರಲ್ಲಿ ಹುಟ್ಟಿದವನು, ತಾಯಿ ಪ್ಲೇಗಿನ ಕಾಲದಲ್ಲಿ ತೀರಿಕೊಂಡಳು. ಒತ್ತೆಯಾಳಾಗಿ ಇಂಗ್ಲೆಂಡಿಗೆ ಹೋದವನು ಅಲ್ಲಿನ ದೊರೆ ಮೂರನೆಯ ಎಡ್ವರ್ಡನ ಮಗಳನ್ನೇ ಮದುವೆಯಾದ. ಮುಂದೆ ಯುದ್ಧ ಮತ್ತೆ ಬಂತು: ಒಂದು ಕಡೆ ಹುಟ್ಟಿದ ನಾಡು, ಇನ್ನೊಂದು ಕಡೆ ಮಾವ. 1377ರಲ್ಲಿ ಇಂಗ್ಲೆಂಡಿನ ನಂಟನ್ನು ಹರಿದುಕೊಂಡ, ಹೆಂಡತಿಯಿಂದ ದೂರವಾದ. 1396ರಲ್ಲಿ ತುರ್ಕರ ಮೇಲೆ ಹೋದ ಧರ್ಮಯುದ್ಧದಲ್ಲಿ ಸೋತು ಸೆರೆಯಾಗಿ, ಬಿಡುಗಡೆಯ ಹಣ ಬರುವ ಮುಂಚೆಯೇ 1397ರಲ್ಲಿ ಬುರ್ಸಾದಲ್ಲಿ ಸತ್ತ.

ಅವನ ಕೋಟೆಯ ಗೋಪುರ ಸುಮಾರು 180 ಅಡಿ ಎತ್ತರ, ಯುರೋಪಿನಲ್ಲೇ ಹೆಸರಾದದ್ದು. ಶತಮಾನಗಳ ಯುದ್ಧ, ಭೂಕಂಪಗಳನ್ನು ತಾಳಿಕೊಂಡು ನಿಂತಿತ್ತು. ಕೊನೆಗೆ ಅದನ್ನು ಉರುಳಿಸಿದ್ದು ಯಾರು? 1917ರ ಮಾರ್ಚ್‌ನಲ್ಲಿ, ಹಿಂದೆ ಸರಿಯುತ್ತಿದ್ದ ಜರ್ಮನ್ ಸೈನ್ಯ, 28 ಟನ್ ಸ್ಫೋಟಕ ಇಟ್ಟು! ಜಿಮ್ಮರ್‌ಮನ್ ತನ್ನ ತಂತಿ ನಿಜವೆಂದು ಒಪ್ಪಿಕೊಂಡದ್ದೂ ಅದೇ ತಿಂಗಳು. ಒಂದು ಪುಸ್ತಕದ ಯುದ್ಧ ಇನ್ನೊಂದು ಪುಸ್ತಕದ ಕೋಟೆಯನ್ನು ಕೆಡವಿತು.

ಮಧ್ಯಯುಗದ ವಿದ್ವಾಂಸರು ಈ ಪುಸ್ತಕದ ಮೇಲೆ ಮುನಿಸಿಕೊಂಡರು. ಹಳೆಯ ಆಕರಗಳನ್ನು ನೆಚ್ಚಿದ್ದಾರೆ, ಆ ಕಾಲದ ಮನಸ್ಸನ್ನು ಇಂದಿನ ಕಣ್ಣಿನಿಂದ ಅಳೆದಿದ್ದಾರೆ ಎಂದರು. 'ದಿ ಗನ್ಸ್ ಆಫ್ ಆಗಸ್ಟ್' ಬಗ್ಗೆಯೂ ದೂರುಗಳಿವೆ: ಯುದ್ಧ ಹುಟ್ಟಿದ ಬಾಲ್ಕನ್ ನಾಡುಗಳನ್ನೂ ಆಸ್ಟ್ರಿಯಾದ ರಣರಂಗವನ್ನೂ ಆಕೆ ಬಿಟ್ಟೇಬಿಟ್ಟಿದ್ದಾರೆ. ಅದು ನಿಜ, ಬೇಕೆಂದೇ ಬಿಟ್ಟದ್ದು. ಯುದ್ಧದ ಕಾರಣಗಳನ್ನು ತಿಳಿಯಲು ಇಂದು ಆ ಪುಸ್ತಕವೊಂದೇ ಸಾಲದು ಎಂದು ನಾನೂ ಹೇಳುತ್ತೇನೆ. ಆದರೆ ಆ ಮೂವತ್ತು ದಿನಗಳ ಒಳಗೆ ಕೂತು, ಬೆಲ್ಜಿಯಂನ ಲೂವೆನ್ ನಗರದ ಗ್ರಂಥಾಲಯ ಎರಡು ಲಕ್ಷಕ್ಕೂ ಹೆಚ್ಚು ಪುಸ್ತಕಗಳ ಸಮೇತ ಉರಿಯುವುದನ್ನು ಕಾಣಬೇಕಾದರೆ, ಬೇರೆ ಯಾರ ಬಳಿ ಹೋಗಬೇಕೆಂದು ನನಗೆ ತೋಚುವುದಿಲ್ಲ.

1979ರಲ್ಲಿ ಅಮೆರಿಕದ ಕಲೆ ಮತ್ತು ಸಾಹಿತ್ಯದ ಅಕಾಡೆಮಿಗೆ ಮೊದಲ ಮಹಿಳಾ ಅಧ್ಯಕ್ಷೆಯಾದರು. 1980ರಲ್ಲಿ ಜೆಫರ್ಸನ್ ಉಪನ್ಯಾಸಕ್ಕೆ ಕರೆ ಬಂದಾಗ, ಬದುಕಿಡೀ ಯುದ್ಧ, ಪ್ಲೇಗ್, ಮೂರ್ಖತನಗಳನ್ನು ಬರೆದ ಈಕೆ ಆರಿಸಿಕೊಂಡ ವಿಷಯ ಯಾವುದು ಗೊತ್ತೇ? ಮನುಷ್ಯಕುಲದ ಒಳ್ಳೆಯ ಗಳಿಗೆಗಳು! ಕಡಲನ್ನು ಹಿಂದಕ್ಕೆ ತಳ್ಳಿ ನೆಲ ಮಾಡಿಕೊಂಡ ಡಚ್ಚರು, ಆಕಾಶಕ್ಕೇರುವ ಚರ್ಚುಗಳನ್ನು ಕಟ್ಟಿದ ಕೆಲಸಗಾರರು. 1984ರ 'ದಿ ಮಾರ್ಚ್ ಆಫ್ ಫಾಲಿ'ಯಲ್ಲಿ ಟ್ರೋಜನ್ ಕುದುರೆಯಿಂದ ವಿಯೆಟ್ನಾಂವರೆಗೆ, ತಮಗೇ ಕೇಡೆಂದು ತಿಳಿದೂ ಆಳುವವರು ಹಿಡಿದ ಹಟಗಳನ್ನು ಹಿಂಬಾಲಿಸಿದರು. ಆ ಪುಸ್ತಕ ನನಗೆ ಸ್ವಲ್ಪ ಸಡಿಲ ಎನಿಸುತ್ತದೆ. ಅಲ್ಲಿ ವಾದ ಕಥೆಗಿಂತ ಮುಂದೆ ಓಡುತ್ತದೆ. ಕೊನೆಯದು 1988ರ 'ದಿ ಫಸ್ಟ್ ಸಲ್ಯೂಟ್'. 1776ರ ನವೆಂಬರ್ 16ರಂದು ಕೆರಿಬಿಯನ್ನಿನ ಸೇಂಟ್ ಯುಸ್ಟೇಷಿಯಸ್ ಎಂಬ ಪುಟ್ಟ ಡಚ್ ದ್ವೀಪದ ಕೋಟೆ, ದಂಗೆಯೆದ್ದ ಅಮೆರಿಕನ್ನರ ಹಡಗಿಗೆ ತೋಪು ಹಾರಿಸಿ ಮರ್ಯಾದೆ ಸಲ್ಲಿಸಿದ ಕಥೆ. ಅದೇ ಅಮೆರಿಕನ್ ಯುದ್ಧದ ಕಾಲದಲ್ಲಿ, 1782ರಲ್ಲಿ, ಪೆನ್ಸಿಲ್ವೇನಿಯಾದವರು ಬ್ರಿಟಿಷರ ವಿರುದ್ಧ ಇಳಿಸಿದ ಒಂದು ಹಡಗಿನ ಹೆಸರು ಏನೆಂದುಕೊಂಡಿರಿ? 'ಹೈದರ್ ಅಲಿ'! ನಮ್ಮ ಮೈಸೂರಿನ ಹೈದರ್ ಅಲಿಯೇ. ಡೆಲಾವೇರ್ ಕೊಲ್ಲಿಯಲ್ಲಿ ಅದು ತನಗಿಂತ ಬಲವಾದ ಬ್ರಿಟಿಷ್ ಹಡಗನ್ನು ಗೆದ್ದಿತು. ಕಡಲುಗಳ ಇತಿಹಾಸ ಕೆದಕಿದರೆ ಇಂಥ ಬೆರಗುಗಳಿಗೆ ಕೊನೆಯೇ ಇಲ್ಲ. 1989ರ ಫೆಬ್ರವರಿ 6ರಂದು, ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಬಾರ್ಬರಾ ಟಕ್‌ಮನ್ ತೀರಿಕೊಂಡರು.

ಇದುವರೆಗೆ ಆಕೆಯನ್ನು ಓದಿಲ್ಲವೇ? ನಿಮ್ಮ ಮೇಲೆ ನನಗೆ ಅಸೂಯೆಯಾಗುತ್ತಿದೆ. 'ದಿ ಜಿಮ್ಮರ್‌ಮನ್ ಟೆಲಿಗ್ರಾಮ್'ನಿಂದ ಶುರುಮಾಡಿ. ತೆಳ್ಳಗಿದೆ, ಕೈ ಬಿಡುವುದಿಲ್ಲ. ಕೂಸಿಯ ಪುಸ್ತಕ ದಪ್ಪನೆಯದು, ಮಳೆಗಾಲಕ್ಕೆ ಎತ್ತಿಡಿ, ಯುರೋಪಿನ ನಕ್ಷೆಯೊಂದನ್ನು ಮಗ್ಗುಲಲ್ಲಿ ಇಟ್ಟುಕೊಳ್ಳಿ. ಬರೆಯುವ ಆಸೆಯುಳ್ಳ ಹುಡುಗ ಹುಡುಗಿಯರು ಮನೆಯಲ್ಲಿದ್ದರೆ ಅವರ ಕೈಗೆ 'ಪ್ರ್ಯಾಕ್ಟಿಸಿಂಗ್ ಹಿಸ್ಟರಿ' ಕೊಡಿ. 'ದಿ ಗನ್ಸ್ ಆಫ್ ಆಗಸ್ಟ್' ಮಾತ್ರ ರಜೆಯ ದಿನ ಬೆಳಗ್ಗೆಯೇ ಹಿಡಿಯಿರಿ. ರಾತ್ರಿ ಊಟ ಮಾಡಿ ಶುರುಮಾಡಿದರೆ, ಜರ್ಮನರು ಬ್ರಸೆಲ್ಸ್ ದಾಟುವ ಹೊತ್ತಿಗೆ ನಿಮ್ಮ ಊರಿನ ಹಾಲಿನವನು ಬಾಗಿಲು ತಟ್ಟುತ್ತಿರುತ್ತಾನೆ, ಪ್ಯಾರಿಸ್ ಇನ್ನೂ ದೂರವಿರುತ್ತದೆ.